‘ಬಿಡು’ ಎನ್ನಗೊಡದ ಅಣ್ಣ

ನಮ್ಮಣ್ಣ ಊಟಕ್ಕೆ ಕೂತರೆ ರೊಟ್ಟಿಯನ್ನು ಎಡಗೈಯಿಂದ ಮುರಿಯುತ್ತಿದ್ದ. ಬಲಗೈ ತೊಡೆಯ ಮೇಲೆ ಮಗುಚಿ ಬಿದ್ದಿರುತ್ತಿತ್ತು. ಅದರಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ನಡುವೆ ಬೆರಳಿರಬೇಕಾದ ಕಡೆ ಗಂಟುಗಂಟಾದ, ಎಣ್ಣೆ ಸವರಿದಂತೆ ಹೊಳೆಯುವ ಚರ್ಮ. ಮದುವೆ ಮನೆಗಳಲ್ಲಿ ಅವನ ಪಕ್ಕದ ಎಲೆಗೆ ಕೂರಲು ಜನ ಹಿಂದುಮುಂದು ನೋಡುತ್ತಿದ್ದರು. ಅವನು ಅಂಥವರನ್ನು ದುರುಗುಟ್ಟಿ ನೋಡಿ, "ಬಲಗೈ ಹಳ್ಳದ ಬ್ರಿಜ್ಜಿಗೆ ಕೊಟ್ಟೇನ್ರಿ. ಹೋಗಿ ಕೇಳ್ಕೊಂಡ ಬರ್ರಿ. ವಾಪಸ್ ಕೊಟ್ರ ಅದರಾಗಽ ಉಣ್ತೇನಿ," ಎನ್ನುತ್ತಿದ್ದ.

ಆ ಕೈಯನ್ನು ಬ್ರಿಜ್ಜು ತೆಗೆದುಕೊಳ್ಳಲಿಲ್ಲ. ತೆಗೆದವನು ನಾನು. ಹಾಗೆಂದು ಹೇಳಲು ಎರಡೇ ಶಬ್ದ ಸಾಕಾಗಿತ್ತು: ‘ಅಂದಾಂವ ನಾನು’. ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಅವನು ಎಡಗೈಯಲ್ಲಿ ತುತ್ತು ಎತ್ತುವುದನ್ನು ಎದುರಿಗೆ ಕೂತು ನೋಡುತ್ತ, ವರ್ಷಗಟ್ಟಲೆ ನಾನು ಆ ಎರಡು ಶಬ್ದ ಹೇಳಲಿಲ್ಲ. ಈಗ ಅಣ್ಣನಿಲ್ಲ. ನನ್ನ ಮೇಲಿನ ನನ್ನ ಸಿಟ್ಟು ಮಾತ್ರ ಅವನ ಜೊತೆ ಹೋಗಲಿಲ್ಲ. ನಾನು ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಬರೆಯುವುದು ನನ್ನ ಕಸುಬಲ್ಲ. ಆದರೂ ಅವನ ಬಗ್ಗೆ ಕೇಶ್ವಾಪುರದಲ್ಲಿ ಜನ ಆಡಿದ್ದು ತಪ್ಪು ಎಂದು ಎಲ್ಲಾದರೂ ಒಂದು ಕಡೆ ಇರಬೇಕು.

ನಾವು ಉಪ್ಪಿನಬೆಟಗೇರಿಯವರು. ಅಪ್ಪ ಚಕ್ಕಡಿಯ ಗಾಲಿ ಮಾಡುತ್ತಿದ್ದ. ಗಾಲಿಗೆ ಹಳಿ ತೊಡಿಸುವ ದಿನ ನಮ್ಮ ಮನೆ ಮುಂದೆ ಜನ ನೆರೆಯುತ್ತಿತ್ತು. ಹಳಿ ಎಂದರೆ ಗಾಲಿಯ ಸುತ್ತ ಕೂರುವ ಕಬ್ಬಿಣದ ಬಳೆ. ಅದನ್ನು ಗಾಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿದರೆ ಹಿಗ್ಗುತ್ತದೆ. ಹಾಗೇ ಎತ್ತಿ ಗಾಲಿಗೆ ತೊಡಿಸಿ ಮೇಲೆ ನೀರು ಸುರಿದರೆ, ಹಳಿ ಕುಗ್ಗಿ ಕಟ್ಟಿಗೆಯನ್ನೆಲ್ಲ ಒಳಮುಖವಾಗಿ ಹಿಸುಕಿ ಹಿಡಿಯುತ್ತದೆ. ಆಗ ಕಟ್ಟಿಗೆ ‘ಕಿರ್’ ಎಂದು ಚೀರುತ್ತಿತ್ತು. ಆ ಚೀರು ಕೇಳಿದ ಮೇಲೆಯೇ ಅಪ್ಪ ಬೀಡಿ ಹಚ್ಚುತ್ತಿದ್ದ. "ಈಗ ಗಟ್ಟಿ ಆತು. ಇನ್ನ ಎಷ್ಟರ ಹೇರಲಿ," ಎನ್ನುತ್ತಿದ್ದ.

ಅಪ್ಪ ಸತ್ತ ಮೇಲೆ ಅಣ್ಣ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಬಂದ. ಕೇಶ್ವಾಪುರದಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದೆವು. ನನ್ನನ್ನು ಸಾಲಿಗೆ ಹಾಕಲು ಅವನು ಬಡಿದ, ಬೈದ, ಹೆಗಲ ಮೇಲೆ ಹೊತ್ತೂ ಒಯ್ದ. ನಾನು ಹಿಂದಿನ ಗೋಡೆ ಜಿಗಿದು ಓಡಿ ಬರುತ್ತಿದ್ದೆ. ಮುಂದೆ ಅವನು ಹೋದ ಕಡೆಯೇ ನಾನೂ ಕೂಲಿಗೆ ಹೋದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಊರಾಚೆಯ ಹಳ್ಳಕ್ಕೆ ಮಳೆಗಾಲದಲ್ಲಿ ನೀರು ಬಂದರೆ ದಾರಿ ಕಡಿದುಹೋಗುತ್ತಿತ್ತು. ಅಲ್ಲಿ ಹೊಸ ಬ್ರಿಜ್ಜು ಕಟ್ಟಲು ಒಂದು ಕಂಪನಿ ಬಂತು. ದಂಡೆಯ ಕರಿಮಣ್ಣಿನ ಹೊಲದಲ್ಲಿ ಕಾಂಕ್ರೀಟಿನ ಉದ್ದುದ್ದ ತೊಲೆಗಳನ್ನು ನೆಲದ ಮೇಲೆಯೇ ಎರಕ ಹೊಯ್ಯತೊಡಗಿದರು. ನಾವು ಕಂಡ ಕಾಂಕ್ರೀಟು ಎಂದರೆ ಒಳಗೆ ಸರಳು, ಹೊರಗೆ ಸಿಮೆಂಟು. ಇದು ಹಾಗಲ್ಲ. ತೊಲೆಯ ಉದ್ದಕ್ಕೂ ಒಳಗೆ ಕೊಳವೆ ಬಿಟ್ಟು, ಕಾಂಕ್ರೀಟು ಗಟ್ಟಿಯಾದ ಮೇಲೆ ಅದರಲ್ಲಿ ಉಕ್ಕಿನ ತಂತಿಗಳ ಕಟ್ಟು ತೂರಿಸಿ, ತುದಿಗೆ ಜಾಕು ಹಚ್ಚಿ ಜಗ್ಗಬೇಕು. ಪ್ರೀಸ್ಟ್ರೆಸ್ಡ್ ಕಾಂಕ್ರೀಟ್ ಎಂದರು. ನಮ್ಮ ಆಳುಗಳ ಬಾಯಲ್ಲಿ ಅದು ‘ಬಿಗಿದ ತೊಲಿ’ ಆಯಿತು.

ಮೈಸೂರು ಕಡೆಯ ಹರೆಯದ ಎಂಜಿನಿಯರು ಮೊದಲ ದಿನ ನಮ್ಮನ್ನೆಲ್ಲ ಕೂರಿಸಿ ಅದರ ಗುಟ್ಟು ತೋರಿಸಿದರು. ಇಟ್ಟಿಗೆಗಳನ್ನು ಸಾಲಾಗಿ ಇಟ್ಟು, ಎರಡೂ ತುದಿಯಿಂದ ಅಂಗೈಯಲ್ಲಿ ಒತ್ತಿ, ಇಡೀ ಸಾಲನ್ನು ಎತ್ತಿ ಹಿಡಿದರು. "ನೋಡ್ರಪ್ಪಾ, ನಡುವೆ ಗಾರೆ ಇಲ್ಲ, ಏನಿಲ್ಲ. ಒತ್ತಿ ಹಿಡಿದಿರೋದಕ್ಕೆ ಬೀಳ್ತಾ ಇಲ್ಲ. ತಂತಿ ಮಾಡೋದೂ ಇಷ್ಟೇ ಕೆಲಸ."

ಅಣ್ಣ ಹಿಂದಿನ ಸಾಲಿನಿಂದ ಎದ್ದು ನಿಂತ. ಮೆಲ್ಲಗೆ ಮಾತಾಡುವುದು ಅವನಿಗೆ ಬರುತ್ತಲೇ ಇರಲಿಲ್ಲ. "ತಿಳೀತ್ರಿ ಸಾಹೇಬ್ರ! ಇದು ನಮ್ಮಪ್ಪನ ಗಾಲಿರೀ. ನೀವು ಉದ್ದಕ ಹಾಸೀರಿ, ಅಷ್ಟ!"

ಎಂಜಿನಿಯರು ನಕ್ಕು ಗಾಲಿಯ ಕಥೆ ಕೇಳಿದರು. ತಂತಿ ಜಗ್ಗುವ ತಂಡಕ್ಕೆ ಅಣ್ಣನೇ ಮೇಸ್ತ್ರಿಯಾದ. ಅವತ್ತಿನಿಂದ ಅವನ ಎದೆ ಎರಡು ಬೆರಳು ಮುಂದೆ ಬಂತು. ಸಂತೆಯಲ್ಲಿ, ಚಹಾದಂಗಡಿಯಲ್ಲಿ, ಹಜಾಮತಿಗೆ ಕೂತಲ್ಲಿ ಅದೇ ಮಾತು. "ಕಲ್ಲು ಬಾಗ್ತೈತಿ ಅಂದ್ರ ನಂಬ್ತೀರೇನು? ಬರ್ರಿ, ತೋರಸ್ತೇನಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತಂತಿ ಬಿಗಿಯುತ್ತ ಹೋದಂತೆ ತೊಲೆಯ ಎರಡೂ ತುದಿ ಒತ್ತಿಕೊಂಡು, ನಡು ನೆಲ ಬಿಟ್ಟು ಮೇಲೇಳುತ್ತಿತ್ತು. ಕಣ್ಣಿಗೆ ಕಾಣುವಷ್ಟಲ್ಲ. ಅಣ್ಣ ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದ. ಬಿಗಿತ ಮುಗಿದ ಮೇಲೆ ನಡುವಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಎಳೆಯ ವೀಳ್ಯದೆಲೆಯನ್ನು ತೊಲೆಯಡಿಗೆ ತೂರಿಸುತ್ತಿದ್ದ. ಎಲೆ ಆಚೆ ಕಡೆಯಿಂದ ಹರಿಯದೆ ಹೊರಗೆ ಬಂದರೆ, "ಉಸಿರು ತೊಗೊಂತ್ರೆಪ್ಪಾ!" ಎಂದು ಕೂಗಿ, ಅದೇ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಅವನಿಗೆ ಒಬ್ಬ ಜೀವದ ಗೆಳೆಯನಿದ್ದ. ಜಾಕಿಗೆ ಎಣ್ಣೆಯ ಒತ್ತಡ ಕೊಡುವ ಪಂಪು ಅವನ ಕೈಯಲ್ಲಿತ್ತು. ಅಣ್ಣ ಅವನನ್ನು ‘ದೋಸ್ತ’ ಎನ್ನುತ್ತಿದ್ದ, ನಾನು ‘ಕಾಕಾ’ ಎನ್ನುತ್ತಿದ್ದೆ. ಇಬ್ಬರೂ ಬುತ್ತಿ ಬಿಚ್ಚಿದರೆ ಒಬ್ಬರದು ಒಬ್ಬರು ತಿನ್ನುತ್ತಿದ್ದರು. ತಂತಿ ಹರಿದು ಸಿಡಿದರೆ ಪೆಟ್ಟಾಗಬಾರದೆಂದು ಪಂಪಿನ ಸುತ್ತ ಮರಳುಚೀಲದ ಗೋಡೆ ಇರುತ್ತಿತ್ತು. ಒಳಗೆ ಕೂತ ಕಾಕಾನಿಗೆ ಒತ್ತಡದ ಮುಳ್ಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವನು ಕೆಲಸ ಮಾಡುತ್ತಿದ್ದುದು ಅಣ್ಣನ ದನಿ ಕೇಳಿ. "ಒತ್ರೆಪ್ಪೋ" ಎಂದರೆ ಪಂಪು ಹೊಡೆಯಬೇಕು. "ತಡೀರೆಪ್ಪೋ" ಎಂದರೆ ಕೈ ನಿಲ್ಲಿಸಬೇಕು. ಆಗ ಅಣ್ಣ ಜಾಕು ಎಷ್ಟು ಹೊರಗೆ ಬಂದಿದೆ ಎಂದು ಉಕ್ಕಿನ ಪಟ್ಟಿ ಹಿಡಿದು ಅಳೆಯುತ್ತಿದ್ದ. ಅಳತೆ ಸರಿ ಇದ್ದರೆ ತಂತಿಗಳ ನಡುವೆ ಬೆಣೆ ಕೂಡಿಸಿ, ಕೈ ಹೊರಗೆ ತೆಗೆದು, ಕೊನೆಗೆ "ಬಿಡ್ರೆಪ್ಪೋ" ಎನ್ನುತ್ತಿದ್ದ. ಕಾಕಾ ಎಣ್ಣೆ ಬಿಡುತ್ತಿದ್ದ. ಬೆಣೆ ಕೂರುವ ಮೊದಲು ಬಿಟ್ಟರೆ ತಂತಿ ಹಿಂದಕ್ಕೆ ಓಡುತ್ತದೆ, ಜಾಕು ಬಾಯಿ ಮುಚ್ಚಿದಂತೆ ಮುಚ್ಚಿಕೊಳ್ಳುತ್ತದೆ.

ಅದಕ್ಕೇ ಆ ಹೊಲದಲ್ಲಿ ‘ಬಿಡು’ ಎಂಬ ಶಬ್ದ ಅಣ್ಣನ ಹೊರತು ಯಾರೂ ಆಡುವಂತಿರಲಿಲ್ಲ. ನಮ್ಮ ಮಾತಿನಲ್ಲಿ ಆ ಶಬ್ದ ಎಷ್ಟು ಸಲ ಬರುತ್ತದೆಂದು ಲಕ್ಷ್ಯಗೊಟ್ಟು ಕೇಳಿದರೆ ತಿಳಿಯುತ್ತದೆ. ಆತು ಬಿಡು. ಹೋಗ್ಲಿ ಬಿಡು. ಅವನೇನ ಬಿಡು. ಹೊಸ ಆಳು ಬಂದರೆ ಅಣ್ಣ ಮೊದಲು ಕಲಿಸುತ್ತಿದ್ದದ್ದು ನಾಲಿಗೆ ಕಟ್ಟಿಕೊಳ್ಳುವುದನ್ನು. "ನಿನ್ನ ಹೆಂಡ್ತಿಗಿ ಮನ್ಯಾಗ ಏನರ ಅನ್ನು. ಇಲ್ಲಿ ಬಿಡು ಅಂದೀ, ಹಲ್ಲ ಎಣಿಸಿ ಕೈಯಾಗ ಕೊಡ್ತೇನಿ."

ಬರಬರುತ್ತ ಅವನು ಮನೆಯಲ್ಲೂ ಆ ಶಬ್ದ ಸಹಿಸದಾದ. ಅವ್ವ ಏನೋ ಸಮಾಧಾನಕ್ಕೆ "ಹೋಗ್ಲಿ ಬಿಡಪ್ಪಾ" ಎಂದರೆ, "ಯಾಕ ಬಿಡಬೇಕು? ಹೋಗ್ಲಿ ಅಷ್ಟಽ ಅನ್ನು!" ಎಂದು ಗದರುತ್ತಿದ್ದ. ಅಣ್ಣನ ಹೆಂಡತಿ, ನನ್ನ ವೈನಿ, ಮುಸಿಮುಸಿ ನಗುತ್ತ, "ಹಾಲು ಉಕ್ಕಾಕತ್ತೈತ್ರಿ. ಉರಿ ಬಿಡ್ಲೋ, ತಡೀಲೋ?" ಎಂದು ಅವನನ್ನು ಕೆಣಕುತ್ತಿದ್ದಳು. ಮುಂದೆ ನನ್ನ ವಿಷಯದಲ್ಲಿಯೂ ಅವನು ಸಾಯುವತನಕ ‘ಹೋಗ್ಲಿ ಬಿಡು’ ಎನ್ನಲಿಲ್ಲ. ಅನ್ನದೆ ಇದ್ದದ್ದೇ ಛಲೋ ಆಯಿತು. ಅಂದಿದ್ದರೆ ನಾನು ಅದನ್ನೂ ಸುಖವಾಗಿ ನುಂಗಿ ಕೂತಿರುತ್ತಿದ್ದೆ.

ಬಾಯಿಮಾತಿನ ಬದಲು ಒಂದು ಗಂಟೆ ಬೇಕೆಂದು ಅಣ್ಣ ಕಂಪನಿಯವರನ್ನು ಕೇಳಿದ್ದ. ಸಾಲಿಯಲ್ಲಿ ಬಾರಿಸುವಂಥ ಒಂದು ಕಬ್ಬಿಣದ ಗಂಟೆ, ಅಷ್ಟೇ. ಎಂಜಿನಿಯರು, "ಹೌದಪ್ಪ, ತರಿಸೋಣ," ಎಂದರು. ಗುತ್ತಿಗೆದಾರ ನಕ್ಕ. "ನಿನ್ನ ಬಾಯಾಗಽ ಗಂಟಿ ಐತೆಲ್ಲೋ ಮಾರಾಯಾ! ಧಾರವಾಡದ ಮಟಾ ಕೇಳಸ್ತೈತಿ." ಅಣ್ಣ ಮತ್ತೆ ಮತ್ತೆ ಕೇಳಿದ. ಗಂಟೆ ಬರಲಿಲ್ಲ. ಆ ನಗು ನೆನೆದರೆ ಇವತ್ತಿಗೂ ನನ್ನ ಹಲ್ಲು ಬಿಗಿಯುತ್ತವೆ. ಆದರೆ ಗಂಟೆಯ ಹೆಸರು ಹೇಳಿ ನನ್ನ ಪಾಲನ್ನು ಕಡಿಮೆ ಮಾಡಿಕೊಳ್ಳಲು ಹೊರಟಿಲ್ಲ.

ನನ್ನ ಪಾಲು ಇದು. ನನ್ನದೂ ಅಣ್ಣನದೂ ಒಂದೇ ದನಿ. ಕತ್ತಲಲ್ಲಿ ಕರೆದರೆ ಅವ್ವನಿಗೂ ಯಾರೆಂದು ತಿಳಿಯುತ್ತಿರಲಿಲ್ಲ. ಮೇಲಿಂದ, ಅವನ ಮಾತಿನ ಒತ್ತು, ಎಳೆತ, ಕೆಮ್ಮು ಎಲ್ಲ ನನಗೆ ಬಾಯಿಪಾಠ. ಬುಟ್ಟಿ ಹೊರುವ ಹೆಣ್ಣುಮಕ್ಕಳ ಮುಂದೆ ಮರಳಿನ ಗುಡ್ಡೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು, "ಕಲ್ಲು ಬಾಗ್ತೈತಿ ಅಂದ್ರ ನಂಬ್ತೀರೇನು?" ಎಂದರೆ ಅವರು ಬುಟ್ಟಿ ಕೆಳಗಿಟ್ಟು ನಗುತ್ತಿದ್ದರು. ಅಣ್ಣನ ಹಾಗೆ ಕೆಲಸ ನನಗೆ ಬರುತ್ತಿರಲಿಲ್ಲ. ಅವನ ದನಿಯನ್ನಾದರೂ ಕದಿಯಬಲ್ಲೆ ಎಂಬುದೇ ನನಗೊಂದು ದೊಡ್ಡಸ್ತಿಕೆಯಾಗಿತ್ತು.

ಒಂದು ದಿನ ಮುಂಜಾನೆ ನಾನು ಹೀಗೇ ಆಟ ಹಚ್ಚಿದ್ದಾಗ ನಗುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಹಿಂದೆ ತಿರುಗಿದೆ. ಅಣ್ಣ ನಿಂತಿದ್ದ. ಎಲ್ಲರೆದುರು ಕೆನ್ನೆಗೆ ಬಾರಿಸಿದ.

"ನನ್ನ ದನಿ ಆಟದ ಸಾಮಾನಲ್ಲಲೇ. ಇದರ ಮ್ಯಾಲೆ ಮಂದಿ ಜೀವ ಐತಿ. ಇನ್ನೊಮ್ಮಿ ತಗದೀ ಅಂದ್ರ ನಾಲಿಗಿ ಕಿತ್ತ ಹಳ್ಳಕ್ಕ ಒಗೀತೇನಿ!"

ಹೆಣ್ಣುಮಕ್ಕಳಲ್ಲಿ ಒಬ್ಬಳು, "ಬಾಗಿದ್ದು ಕಲ್ಲಲ್ಲವ್ವಾ, ಇವನ ಮಾರಿ," ಎಂದಳು. ಎಲ್ಲರೂ ಮತ್ತೆ ನಕ್ಕರು. ಈ ಸಲ ನನ್ನನ್ನು ನೋಡಿ. ಆಗ ನಾನೇನು ಸಣ್ಣ ಹುಡುಗನಲ್ಲ. ಮೀಸೆ ಬಂದಿತ್ತು, ಹೆಣ್ಣು ನೋಡುತ್ತಿದ್ದರು.

ಮಧ್ಯಾಹ್ನ ನನಗೆ ಹೊಸ ತೊಲೆಯೊಂದಕ್ಕೆ ಹೊದಿಸಿದ ಗೋಣಿಚೀಲ ಆರದಂತೆ ನೀರು ಹಾಕುವ ಕೆಲಸ ಕೊಟ್ಟಿದ್ದರು. ಮರಳುಚೀಲದ ಗೋಡೆ ಅಲ್ಲಿಗೆ ಹತ್ತಿರ. ಆಚೆ ಅಣ್ಣನ ತಂಡ ತಂತಿ ಜಗ್ಗುತ್ತಿತ್ತು. ಕಾಂಕ್ರೀಟು ಕಲಸುವ ಯಂತ್ರ ಅಣ್ಣನ ಮಗ್ಗುಲಲ್ಲೇ ಗಡಗಡ ಎನ್ನುತ್ತಿತ್ತು. ನಾನು ಉರಿಯುತ್ತಿದ್ದೆ. ಆಗ ಎಲ್ಲಿಂದಲೋ ಒಂದು ಆಡು ಬಂದು ಒದ್ದೆ ಗೋಣಿಯ ಚುಂಗು ಬಾಯಲ್ಲಿ ಹಿಡಿದು ಎಳೆಯತೊಡಗಿತು. ನಾನು ಈ ಕಡೆ, ಅದು ಆ ಕಡೆ. ‘ಹುಶ್’ ಎನ್ನಬಹುದಿತ್ತು. ಕಲ್ಲು ತೋರಿಸಬಹುದಿತ್ತು. ನಾನು ಬೇಕಂತಲೇ ಆ ಶಬ್ದ ಆರಿಸಿಕೊಂಡೆ. ಬೇಡ ಅಂದ ಶಬ್ದವನ್ನು, ಬೇಡ ಅಂದ ದನಿಯಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಆಡಿಗೆ ಹೇಳಿದೆ.

"ಬಿಡ್ರೆಪ್ಪೋ!"

ಆಡು ಬಿಡಲಿಲ್ಲ. ಪಂಪಿನವನು ಬಿಟ್ಟ.

ಫಟ್ ಎಂದು ಒಂದು ಸದ್ದಾಯಿತು. ಕೊಳವೆಯೊಳಗೆ ತಂತಿ ಓಡಿದ್ದು ತೊಲೆಯ ಉದ್ದಕ್ಕೂ ಸರ್ರನೆ ಕೇಳಿತು. ಅಳತೆಪಟ್ಟಿ ಹಿಡಿದ ಅಣ್ಣನ ಕೈ ಜಾಕಿನ ಸಂದಿನಲ್ಲಿತ್ತು. ಅವನು ಚೀರಲಿಲ್ಲ. ಕೈ ಬಿಡಿಸಿಕೊಂಡು, ಅದನ್ನು ಎದೆಗೆ ಒತ್ತಿ ಹಿಡಿದು, ಗೆಳೆಯನ ಕಡೆಗೆ ಕೂಗಿದ.

"ಯಾಕ ಬಿಟ್ಟಿಯೋ ದೋಸ್ತಾ?"

ಕಾಕಾ ಮರಳುಚೀಲ ದಾಟಿ ಓಡಿಬಂದ. ರಕ್ತ ನೋಡಿ ಬಿಳಿಚಿಕೊಂಡ. "ನೀನಽ ಅಂದೆಲ್ಲೋ! ಬಿಡ್ರೆಪ್ಪೋ ಅಂತ ನೀನಽ ಅಂದೆಲ್ಲೋ!"

"ನಾನು? ನಾನ್ಯಾವಾಗ ಅಂದೆ?"

"ಖುದಾನ ಆಣಿ, ನಿನ್ನ ದನಿ!"

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಗೋಣಿಯ ಒಂದು ತುದಿ, ಆಡಿನ ಬಾಯಲ್ಲಿ ಇನ್ನೊಂದು.

ಅಣ್ಣ ದವಾಖಾನೆಯಲ್ಲಿದ್ದಾಗ ಎಂಜಿನಿಯರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಬುಟ್ಟಿ ಹೊರುವವರಲ್ಲಿ ಕೆಲವರು, ಯಂತ್ರದ ಗದ್ದಲದಲ್ಲಿ ದಿಕ್ಕು ತಿಳಿಯಲಿಲ್ಲ, ದನಿ ಮಾತ್ರ ಮೇಸ್ತ್ರಿಯದೇ ಎಂದರು. ನನ್ನ ಸರದಿ ಬಂತು.

"ಏನಪ್ಪಾ, ನೀನು ಅಲ್ಲೇ ಇದ್ದೆಯಂತೆ. ಏನಾದರೂ ಕೇಳಿಸ್ತಾ?"

"ಕೇಳಿಸ್ತ್ರಿ."

"ಯಾರ ದನಿ?"

"ಅಣ್ಣನ ದನಿರಿ."

ನೋಡಿ, ನಾನು ಸುಳ್ಳು ಹೇಳಲಿಲ್ಲ. ದನಿ ಅಣ್ಣನದೇ. ಅಷ್ಟು ಜಾಣತನ ನನಗೆ ಎಲ್ಲಿಂದ ಬಂತೋ! ನಾಲ್ಕನೇ ಇಯತ್ತೆ ದಾಟಲಾಗದವನು ಆ ಹೊತ್ತಿಗೆ ವಕೀಲನಾಗಿದ್ದೆ. ನನ್ನ ಮುಖಕ್ಕೆ ಉಗುಳಬೇಕೆನ್ನಿಸುತ್ತದೆ, ಇವತ್ತೂ. ಎಂಜಿನಿಯರು ನಿಟ್ಟುಸಿರು ಬಿಟ್ಟು, "ಪಾಪ, ತಾನೇ ಹೇಳಿ ತಾನೇ ಕೈ ಕೊಟ್ಟ," ಎಂದರು. ಗುತ್ತಿಗೆದಾರನಿಗೆ ಹೊಟ್ಟೆಯೊಳಗಿನ ಭಾರ ಇಳಿದಂತಾಯಿತು. ಹುಕುಂ ಕೊಟ್ಟವನೇ ತಪ್ಪಿದ ಮೇಲೆ ಕಂಪನಿ ಏನು ಮಾಡೀತು? ಕೆಲವೇ ದಿನಗಳಲ್ಲಿ ಗಂಟೆ ಬಂತು, ಹೊಸ ಹಗ್ಗದ ಸಮೇತ.

ಯಾರಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ. ಮುಂಜಾನೆ ಅಷ್ಟು ಜನರೆದುರು ಪೆಟ್ಟು ತಿಂದವನು ಮಧ್ಯಾಹ್ನವೇ ಮತ್ತೆ ಅದೇ ಆಟ ಆಡಿಯಾನೆಂದು ಯಾರು ಅಂದುಕೊಂಡಾರು? ಅಣ್ಣನಿಗೂ ಬರಲಿಲ್ಲ. ಅದಕ್ಕೂ ನನಗೆ ಅವನ ಮೇಲೆ ಸಿಟ್ಟಿತ್ತು. ಬಡಿದು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವನು ಊರನ್ನೆಲ್ಲ ಬೈದ, ಕಂಪನಿಯನ್ನು ಬೈದ, ಗೆಳೆಯನನ್ನು ಬೈದ. ನನ್ನ ಕಡೆ ತಿರುಗಲೇ ಇಲ್ಲ.

ಕಾಕಾ ಮನೆಗೆ ಬಂದಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತ. "ದೋಸ್ತ, ಬೇಕಾದ್ರ ಬಡಿ. ಕೇಳಿದ್ದ ಕೇಳೇನಿ. ಇಲ್ಲ ಅಂತ ಹ್ಯಾಂಗ ಅನ್ಲಿ?"

"ನಾನು ಅಂದಿಲ್ಲ ಅಂತ ನಿನಗ ಗೊತ್ತೈತಿ. ಕೈ ಜಾರಿ ಬಿಟ್ಟೇನಿ ಅಂತ ಒಂದ ಮಾತ ಅನ್ನು. ಮರ್ತಬಿಡ್ತೇನಿ." ಆ ಸಿಟ್ಟಿನಲ್ಲಿ ತನ್ನ ಬಾಯಿಂದ ಆ ಶಬ್ದ ಬಂದದ್ದೂ ಅವನಿಗೆ ತಿಳಿಯಲಿಲ್ಲ.

"ಕೈ ಜಾರಿಲ್ಲೋ."

"ಹಂಗಾರ ನಡಿ ಹೊರಗ!"

ಕಾಕಾ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಕೇಶ್ವಾಪುರದಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟ. ಎಣ್ಣೆ ಪಂಪು ಹೋಗಿ ಕೈಗೆ ಗಾಳಿ ಪಂಪು ಬಂತು.

ಕಂಪನಿಯವರು ಅಣ್ಣನಿಗೆ ಗೋಣಿಚೀಲಕ್ಕೆ ನೀರು ಹಾಕುವ ಕೆಲಸ ಕೊಟ್ಟರು. ನಾನು ಮಾಡುತ್ತಿದ್ದ ಕೆಲಸ. ಅವನು ಮೊದಲ ದಿನವೇ ಕೊಡವನ್ನು ತೊಲೆಗೆ ಅಪ್ಪಳಿಸಿ ಒಡೆದು ಬಂದ. ಮುಂದೆ ಒಂದು ಹತ್ತಿಯ ಅಂಗಡಿಯ ಬಾಗಿಲು ಕಾಯಲು ಕೂತ. ಅವನ ಜಾಗಕ್ಕೆ ಯಾರನ್ನು ಹಾಕಿದರು ಎಂದು ಹೇಳಲು ನನಗೆ ನಾಚಿಕೆ. ನನ್ನನ್ನು. "ದನಿ ಅದೇ ಐತಿ, ಆಳುಗಳಿಗೆ ರೂಢಿ ಐತಿ," ಎಂದ ಗುತ್ತಿಗೆದಾರ. ಗಂಟೆ ಬಂದಿದ್ದರೂ ಬಾಯಿಮಾತು ನಿಂತಿರಲಿಲ್ಲ.

ಅಣ್ಣ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ತಾನೇ ಕಲಿಸಿದ. ಬೆಣೆ ಹೇಗೆ ಕೂರಬೇಕು, ತಂತಿಗೆ ತುಕ್ಕು ಹತ್ತಿದ್ದು ಹೇಗೆ ತಿಳಿಯಬೇಕು, ಜಾಕಿನ ಬೆನ್ನ ಹಿಂದೆ ಯಾಕೆ ನಿಲ್ಲಬಾರದು, ಎಲ್ಲ. "ತಡೀರೆಪ್ಪೋ ಅನ್ನೂದು ಹೊಟ್ಟ್ಯಾಗಿಂದ ಬರಬೇಕು. ಅನ್ನು. ಹಾಂ, ಇನ್ನ ಜೋರಲೆ. ಈಗ ಬಿಡ್ರೆಪ್ಪೋ ಅನ್ನು."

ನಾನು ಮತ್ತೆ "ತಡೀರೆಪ್ಪೋ" ಎಂದೆ.

"ಯಾಕಲೇ? ನನ್ನ ಮುಂದ ಅನ್ನಾಕ ಅಂಜತೀಯೇನು? ಈಗ ಅದು ನಿನ್ನ ಶಬ್ದ."

ಮುಂದಿನ ವರ್ಷಗಳು ಹಾಗೇ ಹೋದವು. ಹಳ್ಳದ ಬ್ರಿಜ್ಜು ಮುಗಿಯಿತು. ಮೊದಲ ಮಳೆಗೆ ನೀರು ಬಂದಾಗ ಬಸ್ಸು ಗಾಲಿಗೆ ಹಳ್ಳದ ನೀರು ತಾಗದೆ ಮೇಲಿಂದ ದಾಟಿತು. ಜನ ಅಣ್ಣನನ್ನು ಮರೆತರು. ಬಿಗಿದ ತಂತಿಯ ಕೆಲಸ ಆ ಹೊಲ ಬಿಟ್ಟು ಹೊರಗೆ ಹಬ್ಬಿತು. ಅರವತ್ತರ ದಶಕ ನಡುವಿಗೆ ಬರುವಷ್ಟರಲ್ಲಿ ಗೋದಾಮುಗಳ ಮಾಳಿಗೆಗೆ ಅದೇ ತೊಲೆ ಬಂತು. ಧಾರವಾಡದ ಮಾಳಮಡ್ಡಿಯ ಓಣಿಗಳಲ್ಲಿ ಕಬ್ಬಿಣದ ದೀಪದ ಕಂಬ ಕಿತ್ತು ಸಿಮೆಂಟಿನ ತೆಳ್ಳನೆಯ ಕಂಬ ನೆಟ್ಟರು. ಅದರೊಳಗೂ ಬಿಗಿದ ತಂತಿ. ನನಗೆ ಕೆಲಸಕ್ಕೆ ಬರಗಾಲವಿರಲಿಲ್ಲ. ಅಣ್ಣ ಯಾವುದಾದರೂ ಕಂಬದ ಹತ್ತಿರ ಹೋದರೆ ಎಡಗೈಯ ಗೆಣ್ಣಿನಿಂದ ಕುಟ್ಟಿ, ಕಿವಿ ಹಚ್ಚಿ ಕೇಳಿ, "ಒಳಗ ಅಪ್ಪನ ಗಾಲಿ ಐತಿ," ಎನ್ನುತ್ತಿದ್ದ. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ಮುಂದೆ ನಡೆಯುತ್ತಿದ್ದ.

ಅವನ ಸಿಟ್ಟು ಮಾತ್ರ ಆರಲಿಲ್ಲ. ಹತ್ತಿಯ ಅಂಗಡಿಗೆ ಹೋಗುವ ದಾರಿಯಲ್ಲೇ ಕಾಕಾನ ಅಂಗಡಿ. ದಿನಾ ಅಲ್ಲಿ ನಿಂತು, "ಏನ ದೋಸ್ತಾ, ಇವತ್ತೇನ ಕೇಳಿಸ್ತು ಕಿವ್ಯಾಗ?" ಎಂದು ಕುಟುಕಿಯೇ ಮುಂದೆ ಹೋಗುತ್ತಿದ್ದ. ಕಾಕಾ ತಲೆ ಎತ್ತದೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಓಣಿಯ ಜನ ಅಣ್ಣನನ್ನೇ ನೋಡಿ ನಕ್ಕರು. "ತಾನಽ ಅಂದು ಮಂದಿಗೆ ಬೈತಾನು." ಪೋರರು ಮರೆಯಲ್ಲಿ ನಿಂತು "ಬಿಡ್ರೆಪ್ಪೋ" ಎಂದು ಕೂಗಿ ಓಡುತ್ತಿದ್ದರು. ಒಮ್ಮೆ ಅವರಲ್ಲಿ ಒಬ್ಬನನ್ನು ಹಿಡಿದು ನಾನು ಸಿಕ್ಕಾಪಟ್ಟೆ ಬಡಿದೆ. ಅಣ್ಣ ಬಿಡಿಸಿದ. ಅವನಿಗೆ ನನ್ನ ಮೇಲೆ ಹೆಮ್ಮೆ ಬಂತು! "ತಮ್ಮ ಅಂದ್ರ ಹಿಂಗಿರಬೇಕು," ಎಂದು ವೈನಿಗೆ ಹೇಳಿದ. ಆ ಹೊಗಳಿಕೆಯನ್ನೂ ನಾನು ರೊಟ್ಟಿಯ ಜೊತೆ ನುಂಗಿದೆ.

ಅರವತ್ತರ ದಶಕದ ಕೊನೆಯಲ್ಲಿ ಒಂದು ದಿನ ಅಣ್ಣ ಊಟಕ್ಕೆ ಕೂತು ರೊಟ್ಟಿ ಮುರಿಯದೆ ಅದನ್ನೇ ನೋಡುತ್ತಿದ್ದ.

"ಯಾಕಣ್ಣಾ?"

"ನಾನಽ ಅಂದೆನೇನೋ?"

"ಏನು?"

"ಅವತ್ತು. ಬಾಯಿ ತಪ್ಪಿ ನಾನಽ ಅಂದಿರಬೇಕು. ದೋಸ್ತಗ ಸುಳ್ಳ ಹೇಳಾಕ ಬರೂದಿಲ್ಲೋ. ಅಂವ ಇಷ್ಟ ವರ್ಷ ಬೈಸ್ಕೊಂಡಾನು, ಒಮ್ಮಿನೂ ಮಾತ ಬದಲಿಸಿಲ್ಲ. ನನ್ನ ತಲಿಯಾಗಽ ಏನೋ ಆಗೇತಿ."

ಕೈ ಹೋದಾಗ, ಕೆಲಸ ಹೋದಾಗ ಅಣ್ಣ ಅಣ್ಣನಾಗಿಯೇ ಇದ್ದ. ಸಿಟ್ಟು ಅವನನ್ನು ನೆಟ್ಟಗೆ ನಿಲ್ಲಿಸಿತ್ತು. ಈಗ ನನ್ನ ಕಣ್ಣೆದುರೇ ಅದು ಸಡಿಲಾಯಿತು. ಅವನು ಗಟಗಟ ನೀರು ಕುಡಿದು ಎದ್ದ. ತೊಳೆದ ಅಂಗಿ ತೊಟ್ಟ. ಟೊಪ್ಪಿಗೆ ಇಟ್ಟುಕೊಂಡ.

"ಎಲ್ಲಿಗೆ?"

"ದೋಸ್ತನ ಕಡೆ. ತಪ್ಪಾತು ಅಂತ ಕೇಳಿ ಬರ್ತೇನಿ."

ನಾನು ಹಿಂದೆ ಓಡಿದೆ. "ಯಾಕಣ್ಣಾ, ಎಲ್ಲಾ ಮುಗದೈತೆಲ್ಲ," ಎಂದೆ. "ನಾಳೆ ಹೋದ್ರಾತು," ಎಂದೆ. ಆಗಲೂ ಬಾಯಿಗೆ ಬಂದ ಮಾತು ಇಂಥವೇ. ಅವನು ಕಿವಿಗೆ ಹಾಕಿಕೊಳ್ಳದೆ ನಡೆದ.

ಕಾಕಾ ಒಂದು ಸೈಕಲ್ಲು ಮಗುಚಿ ಹಾಕಿಕೊಂಡು ಗಾಳಿ ಹೊಡೆಯುತ್ತಿದ್ದ. ದಿನದ ಕುಟುಕು ಮಾತಿಗೆ ಕಾದವನಂತೆ ಕತ್ತು ಬಗ್ಗಿಸಿದ. ನಾನು ಇಬ್ಬರ ಹಿಂದೆ, ರಸ್ತೆಯ ಅಂಚಿನಲ್ಲಿ ನಿಂತೆ.

"ದೋಸ್ತ," ಎಂದ ಅಣ್ಣ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ತಪ್ಪು ನಂದು. ನಿನ್ನ ಕಿವಿ ಖರೆ. ನಾನಽ ಅಂದಿರಬೇಕು."

ಕಾಕಾ ಪಂಪು ನಿಲ್ಲಿಸಿದ. "ಅಂದಿರಬೇಕು ಅಂದ್ರೇನೋ? ಅಂದಿದ್ರ ಅಂದೆ ಅನ್ನು. ನೆನಪೈತೇನು ನಿನಗ?"

"ಇಲ್ಲ."

"ನೆನಪಿಲ್ದಽ ಹ್ಯಾಂಗ ತಪ್ಪ ಒಪ್ಕೊಂತೀ? ನನಗ ದಾನ ಮಾಡಾಕ ಬಂದೀಯೇನು?"

"ದಾನ ಅಲ್ಲೋ!" ಅಣ್ಣನ ಕಣ್ಣು ತುಂಬಿದ್ದವು. "ನೀ ಸುಳ್ಳ ಹೇಳೂದಿಲ್ಲ. ನಾ ಅಂದ ನೆನಪಿಲ್ಲ. ಮತ್ಯಾರ ಅಂದಾರು? ಹೇಳು, ಮತ್ಯಾರ ಅಂದಾರು?"

ಅವನು ಬಗ್ಗಿ, ಆ ಎರಡು ಬೆರಳಿನ ಕೈಯನ್ನು ಗೆಳೆಯನ ಕಾಲಿನ ಕಡೆಗೆ ಚಾಚಿದ. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ನನ್ನ ಕೈ ತಾನಾಗಿ ಸೊಂಟದ ಮೇಲೆ ಹೋಯಿತು. ಹೊಟ್ಟೆಯೊಳಗಿಂದ, ಅವನು ಕಲಿಸಿದ ಹಾಗೆಯೇ, ಕೂಗಿದೆ.

"ಬಿಡ್ರೆಪ್ಪೋ!"

ಕಾಕಾನ ಕೈಯಿಂದ ಪಂಪು ಬಿತ್ತು. ಅವನು ಮೊದಲು ಅಣ್ಣನ ಬಾಯಿ ನೋಡಿದ. ಅದು ಮುಚ್ಚಿತ್ತು. ಆಮೇಲೆ ಇಬ್ಬರೂ ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ನನ್ನ ಸ್ವಂತ ದನಿ ಹುಡುಕಿಕೊಂಡು, ಇಡೀ ಓಣಿಗೆ ಕೇಳುವ ಹಾಗೆ ಹೇಳಿದೆ:

"ಕಾಕಾ, ನಿಮ್ಮ ಕಿವಿ ತಪ್ಪಿಲ್ಲ. ಅಣ್ಣಾ, ನಿನ್ನ ಬಾಯಿ ತಪ್ಪಿಲ್ಲ. ಗೋಣಿ ಎಳ್ಯಾಕತ್ತಿದ್ದ ಆಡಿಗೆ ನಿನ್ನ ದನೀಲೆ ಅಂದಾಂವ ನಾನು. ನನ್ನ ತಪ್ಪಾತು, ಅಣ್ಣಾ."